ಎರಡು ಕಪ್ಪು ಚೌಕಗಳು

ಜನವರಿ 9

ಪ್ರೀತಿಯ ಅಕ್ಕಾ,

ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಮಿಠಾಯಿ ಕತ್ತರಿಸುವ ಯಂತ್ರದ ಪಕ್ಕ ಇಪ್ಪತ್ತು ವರ್ಷ ನಿಂತು ಕಿವಿಯನ್ನು ನೀನು ಅದಕ್ಕೇ ಒಪ್ಪಿಸಿಬಿಟ್ಟೆ. ಹಾಗಾಗಿ ಪೆನ್ನು ಹಿಡಿದಿದ್ದೇನೆ. ಅಕ್ಷರ ಕೆಟ್ಟದಾಗಿದೆ ಎಂದು ಬೈಯಬೇಡ, ಗುಬ್ಬಿ ತೊಡೆಯ ಮೇಲೆ ಇದ್ದಾಳೆ.

ಗುಬ್ಬಿಗೆ ಮೊನ್ನೆ ಒಂದು ವರ್ಷ ಎರಡು ತಿಂಗಳು ತುಂಬಿತು. ನೀನು ಇನ್ನೂ ಅವಳನ್ನು ನೋಡಿಲ್ಲ. ಇರಲಿ, ಆ ಜಗಳ ಆಮೇಲೆ ಆಡೋಣ. ಅವಳ ಕಾಯಿಲೆಯ ಹೆಸರು ಬರೆದರೆ ಒಂದು ಸಾಲು ಪೂರ್ತಿ ಬೇಕು. ಸರಳವಾಗಿ ಹೇಳುತ್ತೇನೆ. ನಾವು ತಿನ್ನುವ ಬೇಳೆ, ಹಾಲು, ಎಲ್ಲದರಲ್ಲೂ ಇರುವ ಪ್ರೋಟೀನಿನ ಮೂರು ಚೂರುಗಳನ್ನು ಅರಗಿಸಿಕೊಳ್ಳಲು ಅವಳ ಮೈಗೆ ಬರುವುದಿಲ್ಲ. ಅರಗದೆ ಉಳಿದದ್ದು ವಿಷವಾಗಿ ತಲೆಗೆ ಏರುತ್ತದೆ. ಅಪ್ಪನ ರಕ್ತದಲ್ಲಿ ಅರ್ಧ, ಅಮ್ಮನ ರಕ್ತದಲ್ಲಿ ಅರ್ಧ ಸದ್ದಿಲ್ಲದೆ ಕೂತಿರುತ್ತದಂತೆ. ಎರಡೂ ಒಂದೇ ಮಗುವಿಗೆ ಬಂದರೆ ಮುಗಿಯಿತು. ಆ ಮೂರು ಚೂರನ್ನು ತೆಗೆದು ಮಾಡಿದ ಒಂದು ಹಾಲಿನ ಪುಡಿ ಇದೆ. ಅದೇ ಅವಳ ಅನ್ನ, ಅದೇ ಅವಳ ಔಷಧಿ. ಅದು ನಿಂತರೆ ಅವಳು ಉಳಿಯುವುದಿಲ್ಲ, ಉಳಿದರೂ ನಮ್ಮನ್ನು ಗುರುತಿಸುವುದಿಲ್ಲ ಎಂದು ಡಾಕ್ಟರಮ್ಮ ನೇರವಾಗಿಯೇ ಹೇಳಿದರು. ಬಸ್ ಓಡಿಸುವವರ ಮನೆಗೆ ಆ ಡಬ್ಬಿ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ನಮಗಿರುವ ದಾರಿ ಮದುವೆಯಾದ ವರ್ಷ ನಾನು ಮಾಡಿಸಿದ ಆರೋಗ್ಯ ವಿಮೆ ಒಂದೇ.

ವಿಮಾ ಕಂಪನಿಯವರು ಮೊದಲು ಹಾಲಿನ ಪುಡಿ ಆಹಾರ, ಚಿಕಿತ್ಸೆಯಲ್ಲ ಎಂದು ವಾಪಸ್ ಕಳಿಸಿದರು. ಮೇಲ್ಮನವಿ ಹಾಕಿದೆವು. ಈಗ ಒಂದು ಹಾಳೆ ಕಳಿಸಿದ್ದಾರೆ, ವಂಶದ ನಕ್ಷೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ತೀರಿಕೊಂಡವರನ್ನು ಕಪ್ಪು ಮಾಡಬೇಕು. ನಮ್ಮ ಕಡೆಯದನ್ನು ನೀನೇ ತುಂಬಬೇಕು, ನನಗೆ ಅಜ್ಜನ ಕಾಲದ್ದು ಏನೂ ಗೊತ್ತಿಲ್ಲ. ಬೇಗ ಕಳಿಸು. ತೀರ್ಮಾನ ಆಗುವವರೆಗೆ ಎಂದು ಆಸ್ಪತ್ರೆಯವರು ಹನ್ನೆರಡು ಡಬ್ಬಿ ಕೊಟ್ಟಿದ್ದಾರೆ. ಒಂದು ಡಬ್ಬಿ ಐದು ದಿನಕ್ಕೆ.

ನಿನ್ನ ತಂಗಿ


ಜನವರಿ 16

ತಂಗೀ,

ನಾನು ಚೆನ್ನಾಗಿದ್ದೇನೆ, ಮಂಡಿ ಚೆನ್ನಾಗಿಲ್ಲ. ಅವೆರಡನ್ನೂ ಬೇರೆ ಬೇರೆಯಾಗಿ ಬರೆಯುವ ವಯಸ್ಸು ಬಂದಿದೆ ನನಗೆ. ನಲವತ್ತೈದಕ್ಕೇ ಹೀಗಾದರೆ ಅರವತ್ತಕ್ಕೆ ಏನು ಗತಿಯೋ.

ನಕ್ಷೆ ತುಂಬಿದ್ದೇನೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಎಲ್ಲರೂ ಕಪ್ಪು. ಅವರ ಕೆಳಗೆ ನಾನು ಒಂದು ವೃತ್ತ, ನೀನು ಒಂದು ವೃತ್ತ. ನಾವಿಬ್ಬರೇ. ಇಷ್ಟು ಚಿಕ್ಕ ವಂಶಕ್ಕೆ ಅಷ್ಟು ದೊಡ್ಡ ಹಾಳೆ ಯಾಕೆ ಕೊಟ್ಟರೋ, ಅರ್ಧಕ್ಕರ್ಧ ಖಾಲಿ ಉಳಿಯಿತು.

ಮಗುವನ್ನು ನೋಡಲು ಬರಲಿಲ್ಲ ಎಂದು ಬೇಜಾರು ಮಾಡಿಕೊಳ್ಳಬೇಡ. ಮಿಠಾಯಿ ಒಲೆ ನಿಲ್ಲಿಸಿ ಮೂರು ವರ್ಷವಾಯಿತು, ಬಾಣಲೆಗಳನ್ನೂ ಮಾರಿಬಿಟ್ಟೆ, ಆದರೂ ಮನೆ ಬಿಟ್ಟು ಹೊರಡುವುದು ಆಗುವುದಿಲ್ಲ. ಮನೆಯ ಮುಂದಿನ ಅರ್ಧವನ್ನು ಸೈಕಲ್ ರಿಪೇರಿಯವನಿಗೆ ಬಾಡಿಗೆಗೆ ಕೊಟ್ಟಿದ್ದೇನೆ. ಅವನು ಒಳ್ಳೆಯವನು, ಮಾತು ಜಾಸ್ತಿ, ನನಗೆ ಕೇಳಿಸದ ಕಾರಣ ಇಬ್ಬರಿಗೂ ಹೊಂದಿಕೆಯಾಗಿದೆ.

ಒಂದು ಮಾತು. ಮನೆಯಲ್ಲಿ ಸಕ್ಕರೆ ಪಾಕ ಕಾಯಿಸಬೇಡ. ಮಗುವಿನ ಹತ್ತಿರ ಯಾರಾದರೂ ಬಂದರೆ ಕೈ ತೊಳೆದುಕೊಂಡೇ ಬರಲಿ.

ಇನ್ನೊಂದು. ಮೊನ್ನೆ ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಮೂರು ಗಂಟೆ ಹೊತ್ತಿಗೆ ಮಗು ಚೆನ್ನಾಗಿದ್ದಳಲ್ಲವೇ? ಸುಮ್ಮನೆ ಕೇಳಿದೆ.

ಅಕ್ಕ


ಜನವರಿ 29

ಅಕ್ಕಾ,

ನಿನಗೆ ಯಾರು ಹೇಳಿದರು?

ಹದಿನಾಲ್ಕರ ಬೆಳಿಗ್ಗೆ ಗುಬ್ಬಿಗೆ ಸ್ವಲ್ಪ ನೆಗಡಿ ಇತ್ತು, ಅಷ್ಟೇ. ಮಧ್ಯಾಹ್ನ ಊಟದ ಪಾತ್ರೆ ತೊಳೆದು ಬಂದು ನೋಡಿದರೆ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದಳು. ಎತ್ತಿದರೆ ತಲೆ ನಿಲ್ಲಲಿಲ್ಲ, ಆಮೇಲೆ ಕೈಕಾಲು ಸೆಟೆದುಕೊಂಡವು. ಗಡಿಯಾರ ನೋಡಿದ ನೆನಪಿದೆ, ಮೂರಕ್ಕೆ ಐದು ನಿಮಿಷ ಇತ್ತು. ಒಂಬತ್ತು ದಿನ ಆಸ್ಪತ್ರೆ. ನಿನ್ನ ಕಾಗದ ಬಂದಾಗ ನಾನು ವಾರ್ಡಿನಲ್ಲಿದ್ದೆ. ಇವರು ತಂದುಕೊಟ್ಟರು. ಕೊನೆಯ ಸಾಲು ಓದಿ ಇವರಿಗೆ ತೋರಿಸಿದೆ. ಕಾಕತಾಳೀಯ ಎಂದರು, ಆದರೆ ಅವತ್ತು ಎರಡು ಸಲ ಅದೇ ಸಾಲನ್ನು ಓದಿದ್ದನ್ನು ನಾನು ನೋಡಿದೆ.

ಈಗ ಮನೆಗೆ ಬಂದಿದ್ದೇವೆ. ನಗುತ್ತಾಳೆ, ಆದರೆ ಮೊದಲು ಹಿಡಿಯುತ್ತಿದ್ದ ಚಮಚವನ್ನು ಈಗ ಹಿಡಿಯುತ್ತಿಲ್ಲ. ಪ್ರತಿ ಸಲ ಹೀಗಾದಾಗಲೂ ತಲೆಯಲ್ಲಿ ಏನಾದರೊಂದು ಅಳಿಸಿಹೋಗುತ್ತದಂತೆ. ನೀನು ತುಂಬಿದ ನಕ್ಷೆಯನ್ನು ಕಂಪನಿಗೆ ಕಳಿಸಿದೆ. ಹತ್ತು ಡಬ್ಬಿ ಉಳಿದಿದೆ.

ಹೇಗೆ ಗೊತ್ತಾಯಿತು, ಬರೆ.

ತಂಗಿ


ಫೆಬ್ರವರಿ 5

ತಂಗೀ,

ಯಾರೂ ಹೇಳಲಿಲ್ಲ. ಯಾರು ಹೇಳಿದರೂ ನನಗೆ ಕೇಳಿಸುತ್ತದೆಯೇ?

ಹೇಳಿದರೆ ಅಕ್ಕನಿಗೆ ತಲೆ ಕೆಟ್ಟಿದೆ ಎನ್ನುತ್ತೀಯ. ಹಿಂದಿನ ಕೋಣೆ ನೆನಪಿದೆಯಲ್ಲ, ನಿನ್ನ ತೊಟ್ಟಿಲು ತೂಗುಹಾಕುತ್ತಿದ್ದದ್ದು? ತೊಟ್ಟಿಲು ಹೋದರೂ ಮೇಲಿನ ಕೊಕ್ಕೆ ಹಾಗೇ ಇದೆ. ಅವತ್ತು ಮಧ್ಯಾಹ್ನ ಅಲ್ಲಿ ವಾಸನೆ ಬಂತು. ಪಾಕ ತಳ ಹಿಡಿಯುವ ಮುಂಚೆ ಬರುತ್ತದಲ್ಲ, ಸಿಹಿಯೂ ಅಲ್ಲದ, ಕಮಟೂ ಅಲ್ಲದ ವಾಸನೆ, ಅದು. ಕೊಕ್ಕೆಯ ಕೆಳಗೆ ನಿಂತರೆ ಇದೆ, ಎರಡು ಹೆಜ್ಜೆ ಈಚೆ ಬಂದರೆ ಇಲ್ಲ. ನಾನು ಕೂತು ನೋಡಿದೆ, ನೆಲದ ಹತ್ತಿರ ಇಲ್ಲ. ನಿಂತು ಮೂಗು ಎತ್ತಿದರೆ, ಅಲ್ಲೂ ಇಲ್ಲ. ನನ್ನ ಸೊಂಟದ ಎತ್ತರದಲ್ಲಿ, ತೊಟ್ಟಿಲು ಇದ್ದಷ್ಟು ಜಾಗದಲ್ಲಿ ಮಾತ್ರ ಇತ್ತು.

ನನಗೆ ಮಾತ್ರ ಅನ್ನಬೇಡ. ಸೈಕಲ್ ರಿಪೇರಿಯವನು ನೀರು ಕೇಳಲು ಒಳಗೆ ಬಂದು, ಮೂಗು ಅರಳಿಸಿ, ನನಗೆ ಕೇಳಿಸಲೆಂದು ಬಾಯಿ ದೊಡ್ಡದು ಮಾಡಿ ಹೇಳಿದ, "ಏನಕ್ಕಾ, ಮತ್ತೆ ಒಲೆ ಹಚ್ಚಿದ್ರಾ? ತಳ ಹಿಡೀತಿದೆ, ನೋಡಿ."

ಒಲೆ ಇದ್ದ ಜಾಗದಲ್ಲಿ ಈಗ ಅವನದೇ ಹಳೆಯ ಟೈರುಗಳಿವೆ.

ಆ ವಾಸನೆ ಬಂದರೆ ನನ್ನ ಮನಸ್ಸು ನೆಟ್ಟಗಿರುವುದಿಲ್ಲ. ಅದಕ್ಕೇ ಮಗುವಿನ ಬಗ್ಗೆ ಕೇಳಿದೆ. ಇಷ್ಟೇ. ಚಮಚವನ್ನು ಮತ್ತೆ ಹಿಡಿಯುತ್ತಾಳೆ, ನೀನೂ ತಡವಾಗಿಯೇ ಹಿಡಿದೆಯಂತೆ.

ಅಕ್ಕ


ಫೆಬ್ರವರಿ 17

ಅಕ್ಕಾ,

ವಾಸನೆಯ ಮಾತು ಈಗ ಬೇಡ. ಗೋಡೆಗಳು ಐವತ್ತು ವರ್ಷ ಸಕ್ಕರೆ ಹೀರಿವೆ, ಬಿಸಿಲಿಗೆ ಬಿಡುತ್ತವೆ. ಆ ವಾಸನೆಯ ಬಗ್ಗೆ ಮಾತಾಡಲು ನನಗೆ ಬೇರೆ ಕಾರಣಕ್ಕೂ ಇಷ್ಟವಿಲ್ಲ.

ಕಂಪನಿಯ ಕಾಗದ ಬಂದಿದೆ. ಜೊತೆಗೆ ನೀನು ತುಂಬಿದ ನಕ್ಷೆಯ ಪ್ರತಿಯೂ ಇದೆ. ನೀನು ಬರೆದಂತೆಯೇ ಇದೆ, ಒಂದು ವ್ಯತ್ಯಾಸ ಬಿಟ್ಟು. ಅಪ್ಪ ಅಮ್ಮನ ಕೆಳಗೆ, ನಿನ್ನ ವೃತ್ತಕ್ಕೂ ನನ್ನ ವೃತ್ತಕ್ಕೂ ನಡುವೆ ಖಾಲಿ ಇತ್ತಲ್ಲ, ಅಲ್ಲಿ ಎರಡು ಚೌಕ ಇವೆ. ಎರಡೂ ಕಪ್ಪು. ಅಚ್ಚಾಗಿಯೇ ಬಂದಿವೆ.

ಮೊದಲು ಶಾಯಿ ಚೆಲ್ಲಿರಬೇಕು ಎಂದುಕೊಂಡೆ. ಆಮೇಲೆ ಕಾಗದ ಓದಿದೆ. ಜನನ ಮರಣದ ಕಚೇರಿಯ ಪುಸ್ತಕದಲ್ಲಿ ನಮ್ಮ ಅಪ್ಪನ ಹೆಸರಿನಲ್ಲಿ ಎರಡು ಗಂಡು ಕೂಸುಗಳ ಮರಣ ದಾಖಲಾಗಿದೆಯಂತೆ. ಪಾಲಿಸಿ ಮಾಡಿಸುವಾಗ "ಒಡಹುಟ್ಟಿದವರಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ತೀರಿಕೊಂಡಿದ್ದಾರೆಯೇ" ಎಂಬ ಪ್ರಶ್ನೆಗೆ ನಾನು ಇಲ್ಲ ಎಂದು ಬರೆದಿದ್ದೇನೆ. ಅಂದರೆ ಮುಚ್ಚಿಟ್ಟಿದ್ದೇನೆ. ಮುಚ್ಚಿಟ್ಟವರಿಗೆ ಆನುವಂಶಿಕ ಕಾಯಿಲೆಯ ರಕ್ಷಣೆ ಇಲ್ಲ. ಮಾರ್ಚ್ ಹತ್ತೊಂಬತ್ತರೊಳಗೆ ಮನೆಯ ಹಿರಿಯರೊಬ್ಬರು ಸ್ವಂತ ಕೈಬರಹದಲ್ಲಿ, ಆ ಮಕ್ಕಳು ಯಾರು, ಏನಾಗಿ ಹೋದರು, ನನಗೆ ಅದು ಗೊತ್ತಿತ್ತೇ ಎಂದು ಬರೆದುಕೊಡದಿದ್ದರೆ ಕಡತ ಮುಚ್ಚುತ್ತಾರೆ.

ಹಿರಿಯರು ಎಂದರೆ ಈಗ ನೀನೊಬ್ಬಳೇ. ಆರು ಡಬ್ಬಿ ಉಳಿದಿದೆ. ನಿಜವೋ ಸುಳ್ಳೋ, ಅಷ್ಟು ಹೇಳು.

ತಂಗಿ


ಫೆಬ್ರವರಿ 22

ತಂಗೀ,

ಸುಳ್ಳು. ಕಚೇರಿಯ ಗುಮಾಸ್ತರು ಯಾರದೋ ಲೆಕ್ಕವನ್ನು ಯಾರಿಗೋ ಬರೆದಿರುತ್ತಾರೆ. ಅಪ್ಪನ ಹೆಸರಿನ ಇನ್ನೊಬ್ಬ ಮಿಠಾಯಿಯವನು ಕೆಳಗಿನ ಬೀದಿಯಲ್ಲಿದ್ದ. ಹಾಗಂತ ಬರೆದು ಕಳಿಸು.

ಅಕ್ಕ


ಮಾರ್ಚ್ 1

ಅಕ್ಕ,

ಕಡ್ಡಿ ಮುರಿದ ಹಾಗೆ ಮಾತು ಮುಗಿಸುವವಳು ನೀನಲ್ಲ. ಇಷ್ಟು ಚಿಕ್ಕ ಕಾಗದ ನೀನು ಯಾವತ್ತೂ ಬರೆದವಳಲ್ಲ. ಅದಕ್ಕೇ ಇವರು ಒಂದು ದಿನ ರಜೆ ಹಾಕಿ, ಅಷ್ಟು ದೂರ ಪ್ರಯಾಣ ಮಾಡಿ, ಆ ಕಚೇರಿಯಿಂದ ಪುಸ್ತಕದ ಪ್ರತಿಯನ್ನೇ ತಂದರು. ನಿನ್ನ ಮನೆಗೆ ಬರಲಿಲ್ಲ, ಬೇಡ ಎಂದು ನಾನೇ ಹೇಳಿದ್ದೆ.

ಮನೆಯ ನಂಬರು ನಮ್ಮದು. ಸಹಿ ಅಪ್ಪನದು, ಕೊನೆಯ ಅಕ್ಷರಕ್ಕೆ ಬಾಲ ಎಳೆಯುವುದೂ ಹಾಗೇ ಇದೆ. ಒಂದು ಗಂಡು ಮಗು, ಎಂಟು ತಿಂಗಳು. ಇನ್ನೊಂದು ಗಂಡು ಮಗು, ಹನ್ನೊಂದು ತಿಂಗಳು. ಮೊದಲನೆಯದು ಹೋದದ್ದು ಮೂವತ್ತಾರು ವರ್ಷದ ಹಿಂದೆ, ಜನವರಿ ಹದಿನಾಲ್ಕು. ನೀನು ಸುಮ್ಮನೆ ಕೇಳಿದ ದಿನ. ಎರಡನೆಯದು ಅದಾದ ಎರಡು ವರ್ಷಕ್ಕೆ, ಮಾರ್ಚ್ ಹದಿನೈದು. ಅದು ಇನ್ನೂ ಬರಬೇಕು. ಕ್ಯಾಲೆಂಡರಿನ ಆ ಹಾಳೆಯನ್ನು ನೋಡಲು ನನಗೆ ಹೆದರಿಕೆ.

ಯಾರನ್ನು ಕಾಪಾಡುತ್ತಿದ್ದೀಯ ನೀನು? ಸತ್ತ ಅಪ್ಪನ ಮರ್ಯಾದೆಯನ್ನೇ? ನನ್ನ ಮಗು ಬದುಕಿದೆ. ನನಗೆ ಈಗ ಎಲ್ಲ ನೆನಪಾಗುತ್ತಿದೆ. ನೀನು ನನ್ನನ್ನು ಎತ್ತಿಕೊಂಡ ಒಂದು ಫೋಟೋ ಇಲ್ಲ. ನಾನು ಹುಟ್ಟಿದಾಗ ನಿನ್ನನ್ನು ಓದಿಗೆಂದು ಚಿಕ್ಕಮ್ಮನ ಮನೆಗೆ ಕಳಿಸಿದ್ದರಂತೆ, ಎರಡು ವರ್ಷ. ಹನ್ನೆರಡು ವರ್ಷದ ಹುಡುಗಿಯನ್ನು ಓದಿಗೆಂದು ಶಾಲೆಯೇ ಇಲ್ಲದ ಊರಿಗೆ ಕಳಿಸುತ್ತಾರೆಯೇ? ನಿನಗೆ ಕೂಸುಗಳೆಂದರೆ ಆಗುವುದಿಲ್ಲ ಎಂದು ನಾನು ಅಂದುಕೊಂಡಿದ್ದೆ. ಗುಬ್ಬಿ ಹುಟ್ಟಿದಾಗ ನೀನು ಬಾರದೆ ಇದ್ದಾಗ ಅದು ಖಾತ್ರಿಯಾಯಿತು. ನನ್ನನ್ನು ಪ್ರೀತಿಸದಿದ್ದರೆ ಬೇಡ. ಸತ್ಯವನ್ನಾದರೂ ಕೊಡು.

ಮೂರು ಡಬ್ಬಿ ಇದೆ, ನಾಲ್ಕನೆಯದು ತಳ ಕಾಣುತ್ತಿದೆ.


ಮಾರ್ಚ್ 6

ತಂಗೀ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಿನ್ನ ನಕ್ಷೆ ಬಂದ ದಿನದಿಂದ ನನ್ನ ಕೈ ಹೆಗಲ ಮೇಲೇ ಇದೆ. ಇನ್ನು ಮುಚ್ಚಿಡುವುದಿಲ್ಲ. ಓದಿದ ಮೇಲೆ ನೀನು ಅಕ್ಕ ಎಂದು ಕರೆಯದಿದ್ದರೂ ಸರಿ.

ನಮಗೆ ಇಬ್ಬರು ತಮ್ಮಂದಿರಿದ್ದರು. ನಿನಗಾದರೆ ಅಣ್ಣಂದಿರು. ದೊಡ್ಡ ಪಾಪು, ಚಿಕ್ಕ ಪಾಪು. ದೊಡ್ಡ ಪಾಪು ಹುಟ್ಟಿದಾಗ ನನಗೆ ಎಂಟು ವರ್ಷ ದಾಟಿತ್ತು. ಅವನನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ ನಾನು. ಒಂದು ದಿನ ಅವನ ಕಿವಿಯ ಹಿಂದೆ ಮೂಗಿಟ್ಟರೆ ಪಾಕದ ವಾಸನೆ. ನಾನು ಅಮ್ಮನಿಗೆ ಹೇಳಿದೆ. ಅಮ್ಮ ಒಲೆಯ ಮುಂದೆ ಸಟ್ಟುಗ ಆಡಿಸುತ್ತ ನಕ್ಕು, "ಈ ಮನೇಲಿ ಯಾರ ಮೈಯಲ್ಲಿ ಪಾಕದ ವಾಸನೆ ಇಲ್ಲ ಹೇಳು?" ಅಂದಳು. ನಿಜವೇ. ನಮ್ಮ ದಿಂಬು, ಕೂದಲು, ಪುಸ್ತಕ, ಎಲ್ಲ ಅದೇ ವಾಸನೆ. ಆದರೆ ನನಗೆ ಇದು ನಮ್ಮ ಒಲೆಯದಲ್ಲ ಅನ್ನಿಸಿತ್ತು. ಒಲೆ ಆರಿದ ದಿನವೂ ಅವನ ಮೈಯಿಂದ ಬರುತ್ತಿತ್ತು. ಮತ್ತೆ ಹೇಳಿದೆ. ಬೈಸಿಕೊಂಡೆ.

ಅದಾದ ಒಂದು ತಿಂಗಳಿಗೆ ಅವನು ಹಾಲು ಕಕ್ಕಿ, ಸೊರಗಿ, ಸೆಟೆದು ಹೋದ. ಆಗ ಅಮ್ಮನಿಗೆ ನನ್ನ ಮಾತು ನೆನಪಾಯಿತು. ಅವನ ಬಟ್ಟೆ ಮೂಸಿದಳು, ಬಾಯಿ ಮೂಸಿದಳು. ನನ್ನನ್ನು ಮೂಲೆಗೆ ಕರೆದುಕೊಂಡು ಹೋಗಿ, "ನೀನೇನಾದ್ರೂ ಪಾಪು ಬಾಯಿಗೆ ಪಾಕ ಇಟ್ಟಿದ್ಯಾ?" ಅಂತ ಕೇಳಿದಳು.

ಇಟ್ಟಿದ್ದೆ. ಒಂದು ಸಲ, ಬೆರಳಿನ ತುದಿಯಲ್ಲಿ. ಅವನು ಚೀಪಿ ನಕ್ಕಿದ್ದ. ಹೌದು ಅಂದೆ.

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ಚಿಕ್ಕ ಪಾಪು ಹುಟ್ಟಿದ ಮೇಲೆ ನನ್ನನ್ನು ಹಿಂದಿನ ಕೋಣೆಗೆ ಬಿಡುತ್ತಿರಲಿಲ್ಲ. ಹನ್ನೊಂದು ತಿಂಗಳು ನಾನು ಅವನನ್ನು ಮುಟ್ಟಿಲ್ಲ. ಆದರೂ ಒಂದು ಬೆಳಿಗ್ಗೆ ಬಾಗಿಲ ಸಂದಿಯಿಂದ ಅದೇ ವಾಸನೆ ಬಂತು. ಹೇಳಲು ಧೈರ್ಯವಾಗದೆ ಬಾಗಿಲ ಹೊರಗೆ ನಿಂತೇ ಇದ್ದೆ. ಅವತ್ತೇ ಅವನೂ ಹೋದ. ಬಾಗಿಲು ತೆಗೆದ ಅಮ್ಮನಿಗೆ ಮೊದಲು ಕಂಡದ್ದು ನಾನು. ಅವಳು ನನ್ನ ಕೈ ಹಿಡಿದು ನೋಡಿದಳು. ಬೆರಳು ಅಂಟಂಟಾಗಿತ್ತು.

ನಾನು ಕೊಟ್ಟಿಲ್ಲ ತಂಗೀ. ಹಾಗಂತ ನನಗೆ ನೆನಪಿದೆ. ಆದರೆ ಬೆರಳು ಅಂಟಂಟಾಗಿತ್ತಲ್ಲ? ನಿದ್ದೆಗಣ್ಣಲ್ಲಿ ಎದ್ದು ಹೋದೆನೋ ಏನೋ. ಇಷ್ಟು ವರ್ಷ ಯೋಚಿಸಿದರೂ ನನ್ನ ಮೇಲೆ ನನಗೇ ನಂಬಿಕೆ ಬಂದಿಲ್ಲ. ಊರಿಗೆ ಗೊತ್ತಾದರೆ ಹುಡುಗಿಯ ಬಾಳು ಮುಗಿಯಿತು ಎಂದು ಅಪ್ಪ ತೊಟ್ಟಿಲು ಬಿಚ್ಚಿ, ಫೋಟೋ ಸುಟ್ಟು, ಆ ಮಕ್ಕಳು ಹುಟ್ಟೇ ಇಲ್ಲ ಎನ್ನುವ ಹಾಗೆ ಮಾಡಿದ. ನಾವು ಮನೆ ಬದಲಾಯಿಸಲಿಲ್ಲ, ಮಾತು ಬದಲಾಯಿಸಿದೆವು. ನೀನು ಹುಟ್ಟುವ ಮುಂಚೆ ನನ್ನನ್ನು ಚಿಕ್ಕಮ್ಮನ ಮನೆಗೆ ಕಳಿಸಿದರು. ನಾನೇ ಹೋಗುತ್ತೇನೆ ಎಂದೆ. ನಿನ್ನ ಗುಬ್ಬಿಯನ್ನು ನೋಡಲು ಬಾರದೇ ಇದ್ದದ್ದೂ ಅದಕ್ಕೇ. ನಿನ್ನ ಮನೆಗೆ ಬಂದರೆ ಎತ್ತಿಕೋ ಎಂದು ನೀನು ಕೈಗೆ ಕೊಡುತ್ತೀಯಲ್ಲ.

ಒಲೆ ಉರಿಯುವವರೆಗೂ ಹಿಂದಿನ ಕೋಣೆಯ ವಾಸನೆ ಬೇರೆಯಾಗಿ ಗೊತ್ತಾಗುತ್ತಿರಲಿಲ್ಲ. ಒಲೆ ನಿಂತ ಮೇಲೆ ಗೊತ್ತಾಯಿತು. ವರ್ಷಕ್ಕೆ ಎರಡು ದಿನ ಬರುತ್ತದೆ. ಯಾವ ದಿನ ಎಂದು ನಿನಗೀಗ ಗೊತ್ತು. ಆ ಎರಡು ದಿನ ಎಷ್ಟು ತಡೆದು ನಿಂತರೂ ಕೊನೆಗೆ ನಾನು ಮನೆ ಬಿಟ್ಟು ಹೊರಗೆ ಓಡಿಹೋಗುತ್ತೇನೆ.

ಕಂಪನಿಗೆ ಬರೆದದ್ದನ್ನು ಇದರ ಜೊತೆ ಇಟ್ಟಿದ್ದೇನೆ. ಮಕ್ಕಳು ನನ್ನ ಕೈಯಿಂದ ಹೋದರು, ತಂಗಿಗೆ ಏನೂ ಗೊತ್ತಿಲ್ಲ, ಏನು ಶಿಕ್ಷೆ ಇದ್ದರೂ ನನಗೆ ಕೊಡಿ, ಹಾಲನ್ನು ಮಾತ್ರ ನಿಲ್ಲಿಸಬೇಡಿ ಎಂದು ಬರೆದಿದ್ದೇನೆ. ಹದಿನೈದರಂದು ಮಗುವನ್ನು ಒಂದು ಗಳಿಗೆಯೂ ಬಿಟ್ಟಿರಬೇಡ.


ಮಾರ್ಚ್ 10

ಅಕ್ಕಾ, ಅಕ್ಕಾ, ಅಕ್ಕಾ,

ಮೂರು ಸಲ ಕರೆದಿದ್ದೇನೆ, ಲೆಕ್ಕ ಇಟ್ಟುಕೋ.

ನೀನು ಕೊಂದಿಲ್ಲ. ಕೂತುಕೊಂಡು ಓದು. ಆ ವಾಸನೆಯೇ ಕಾಯಿಲೆ. ಅರಗದೆ ಉಳಿದ ಆ ವಿಷ ಮೂತ್ರದಲ್ಲಿ, ಬೆವರಿನಲ್ಲಿ, ಕಿವಿಯ ಗುಗ್ಗೆಯಲ್ಲಿ ಹೊರಗೆ ಬರುವಾಗ ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಸಕ್ಕರೆಗೂ ಅದಕ್ಕೂ ಸಂಬಂಧವೇ ಇಲ್ಲ. ನೀನು ಬೆರಳಲ್ಲಲ್ಲ, ಬಟ್ಟಲಲ್ಲಿ ಪಾಕ ಕುಡಿಸಿದ್ದರೂ ಅವರು ಅದರಿಂದ ಸಾಯುತ್ತಿರಲಿಲ್ಲ. ಅಮ್ಮನ ಎದೆಹಾಲೇ ಅವರಿಗೆ ಅರಗುತ್ತಿರಲಿಲ್ಲ. ನಿನ್ನ ಬೆರಳು ಅಂಟಂಟಾಗಿತ್ತು, ಸರಿ. ಆ ಮನೆಯಲ್ಲಿ ಯಾರ ಬೆರಳು ಅಂಟಂಟಾಗಿರಲಿಲ್ಲ? ಅಪ್ಪನ ಪೆನ್ನೂ ಅಂಟುತ್ತಿತ್ತು. ಬೇರೆ ಯಾವ ಮನೆಯಲ್ಲಾದರೂ ಕೂಸಿನ ಮೈಯಿಂದ ಸುಟ್ಟ ಸಕ್ಕರೆಯ ವಾಸನೆ ಬಂದಿದ್ದರೆ ಜನ ಹೌಹಾರುತ್ತಿದ್ದರು. ನಮ್ಮ ಮನೆಯಲ್ಲಿ ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು. ಒಂಬತ್ತು ವರ್ಷದ ಎಮ್ಮೆಗೆ.

ಇನ್ನು ನನ್ನದು. ವಾಸನೆಯ ಮಾತು ಬೇಡ ಎಂದೆನಲ್ಲ, ಅದರ ಕಾರಣ. ಗುಬ್ಬಿಗೆ ಎರಡು ತಿಂಗಳಾದಾಗಿನಿಂದ ಅವಳ ಕಿವಿಯ ಹಿಂದೆ ನನಗೂ ಆ ವಾಸನೆ ಬರುತ್ತಿತ್ತು. ನನಗೆ ಸಂತೋಷವಾಗುತ್ತಿತ್ತು ಅಕ್ಕಾ. ಇಷ್ಟು ದೂರದ ಬಾಡಿಗೆ ಮನೆಯಲ್ಲಿ ನನ್ನ ಮಗುವಿನ ಮೈಯಲ್ಲಿ ನಮ್ಮ ಮನೆಯ ವಾಸನೆ. ದಿನಕ್ಕೆ ಹತ್ತು ಸಲ ಮೂಗಿಟ್ಟು ಹೀರುತ್ತಿದ್ದೆ. ಆರು ತಿಂಗಳು ಹಾಗೇ ಮಾಡಿದೆ. ಎಂಟನೇ ತಿಂಗಳಲ್ಲಿ ಜ್ವರ ಬಂದು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಅವಳನ್ನು ಮೂಸಿ, ಇದು ಎಷ್ಟು ದಿನದಿಂದ ಎಂದು ಕೇಳಿದರು. ನಾನು ಇವತ್ತೇ ಎಂದೆ. ಸುಳ್ಳು ಹೇಳಿದೆ. ಇವರಿಗೂ ಇವತ್ತಿನವರೆಗೆ ಹೇಳಿಲ್ಲ.

ನಿನ್ನ ಹೇಳಿಕೆಯನ್ನು ಕಂಪನಿಗೆ ಕಳಿಸುವುದಿಲ್ಲ. ಒಲೆಗೆ ಹಾಕಿದೆ. ಇನ್ನೊಂದು ಬರೆ, ಆದದ್ದನ್ನು ಆದ ಹಾಗೆ. ಡಾಕ್ಟರಮ್ಮನಿಗೆ ಹದಿನೈದರ ವಿಷಯ ಹೇಳಿದೆ. ಅವರು ಇಂಥದ್ದನ್ನು ನಂಬುವವರಲ್ಲ. ಆದರೆ ಹೇಗೂ ರಕ್ತ ಪರೀಕ್ಷೆ ಮಾಡಬೇಕು, ಅವತ್ತೇ ಬೆಳಿಗ್ಗೆ ಬನ್ನಿ ಎಂದರು.

ಒಂದೂವರೆ ಡಬ್ಬಿ ಇದೆ. ನಿನ್ನ ಕಾಗದ ತಲುಪಲು ಮೂರು ನಾಲ್ಕು ದಿನ ಬೇಕು. ಬೇಗ.

ನಿನ್ನ ತಂಗಿ


ಮಾರ್ಚ್ 13

ತಂಗೀ,

ನಾನೇ ಬರುತ್ತಿದ್ದೇನೆ. ಈ ಕಾಗದವನ್ನೂ ನಾನೇ ತರುತ್ತೇನೆ, ಅಂಚೆಯನ್ನು ನಂಬಿ ಕೂರುವ ಹೊತ್ತಲ್ಲ. ಎದುರಿಗೆ ಬಂದರೆ ನನಗೆ ಕೇಳಿಸುವುದಿಲ್ಲ, ನಿನಗೆ ಕೂಗಿ ಗಂಟಲು ಕಟ್ಟುತ್ತದೆ. ಅದಕ್ಕೇ ಹೇಳಬೇಕಾದ್ದು ಬರೆದೇ ಇರಲಿ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸು ಎಂದರೆ ಎಲ್ಲಿ ಇಳಿಸಬೇಕು ಎಂದೇ ಗೊತ್ತಾಗುವುದಿಲ್ಲ. ಬೆಳಿಗ್ಗೆಯಿಂದ ಮನೆಯೊಳಗೆ ಅಡ್ಡಾಡುತ್ತಿದ್ದೇನೆ. ಅಮ್ಮ ಬದುಕಿದ್ದರೆ ಓದಿ ಹೇಳುತ್ತಿದ್ದೆ. ಅವಳಿಗೂ ಹಗುರವಾಗುತ್ತಿತ್ತು. ಅವಳು ಹೋಗುವ ದಿನದವರೆಗೂ ನಾನು ಬಡಿಸಿದ್ದನ್ನು ಮೂಸಿಯೇ ಉಣ್ಣುತ್ತಿದ್ದಳು.

ಕಂಪನಿಗೆ ಬರೆದದ್ದು ಇದು. ತಪ್ಪಿದ್ದರೆ ತಿದ್ದು:

"ಸತ್ತ ಇಬ್ಬರೂ ನನ್ನ ತಮ್ಮಂದಿರು. ಯಾವ ಕಾಯಿಲೆ ಎಂದು ಆಗ ನಮಗೆ ತಿಳಿಯಲಿಲ್ಲ. ಮೈಯಲ್ಲಿ ಸುಟ್ಟ ಸಕ್ಕರೆಯ ವಾಸನೆ ಇತ್ತು. ನಮ್ಮದು ಸಕ್ಕರೆ ಕಾಯಿಸುವ ಮನೆ, ಅದಕ್ಕೇ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ತಂಗಿ ಆಮೇಲೆ ಹುಟ್ಟಿದವಳು. ಅವಳಿಗೆ ಈ ಮಕ್ಕಳಿದ್ದದ್ದೇ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡವರು ನನ್ನ ತಂದೆ, ತಾಯಿ, ಆಮೇಲೆ ನಾನು. ಮುಚ್ಚಿಟ್ಟವಳು ನಾನು, ಅವಳಲ್ಲ. ಅವಳ ಕೂಸು ಯಾವುದನ್ನೂ ಮುಚ್ಚಿಟ್ಟಿಲ್ಲ."

ಹೊರಡುವ ಮುಂಚೆ ಹಿಂದಿನ ಕೋಣೆಗೆ ಹೋದೆ. ಹದಿನೈದಕ್ಕೆ ಇನ್ನೂ ಎರಡು ದಿನ ಇದೆ, ಆದರೆ ವಾಸನೆ ಆಗಲೇ ಬಂದಿದೆ. ಈ ಸಲ ಓಡಲಿಲ್ಲ. ಕೊಕ್ಕೆಯ ಕೆಳಗೆ ನಿಂತು, ದೊಡ್ಡ ಪಾಪು, ಚಿಕ್ಕ ಪಾಪು ಎಂದು ಕರೆದೆ. ಕರೆದು ಎಷ್ಟು ವರ್ಷವಾಗಿತ್ತು. ಏನೂ ಆಗಲಿಲ್ಲ. ವಾಸನೆ ಮಾತ್ರ ನನ್ನ ಸೊಂಟದ ಎತ್ತರದಿಂದ ಸ್ವಲ್ಪ ಸ್ವಲ್ಪವೇ ಮೇಲೆ ಬಂದು, ಎತ್ತಿಕೊಂಡ ಕೂಸಿನ ತಲೆ ಇರುವಷ್ಟು ಎತ್ತರದಲ್ಲಿ, ಹೆಗಲ ಹತ್ತಿರ ನಿಂತಿತು.

ಸೈಕಲ್ ರಿಪೇರಿಯವನ ಕೈಗೆ ಬೀಗದ ಕೈ ಕೊಟ್ಟು ಹೊರಟಿದ್ದೇನೆ.

ಅಕ್ಕ


ಏಪ್ರಿಲ್ 8

ಅಕ್ಕಾ,

ನೀನು ಊರು ತಲುಪಿದ ಕಾಗದ ಬಂತು. ಇಲ್ಲಿದ್ದಾಗ ನಿನಗೆ ಕೇಳಿಸದೇ ಹೋದದ್ದನ್ನು ಈಗ ಬರೆಯುತ್ತೇನೆ.

ಹದಿನೈದರ ಬೆಳಿಗ್ಗೆ ಆಸ್ಪತ್ರೆಯಲ್ಲಿ ಗುಬ್ಬಿ ಆಡುತ್ತಿದ್ದಳು, ಜ್ವರವೂ ಇರಲಿಲ್ಲ. ಡಾಕ್ಟರಮ್ಮ ರಕ್ತ ತೆಗೆದು, ಚೆನ್ನಾಗಿದ್ದಾಳೆ, ಮನೆಗೆ ಹೋಗಿ ಎನ್ನುವುದರಲ್ಲಿದ್ದರು. ಆಗ ನೀನು ಮೊದಲ ಸಲ ಅವಳನ್ನು ಎತ್ತಿಕೊಂಡೆ. ಅವಳ ಕಿವಿಯ ಹಿಂದೆ ಮೂಗಿಟ್ಟು, "ಬಂದಿದೆ" ಅಂದೆ. ನಾನು ಮೂಸಿದೆ, ನನಗೆ ಗೊತ್ತಾಗಲಿಲ್ಲ. ಡಾಕ್ಟರಮ್ಮ ಮೂಸಿದರು, ಅವರಿಗೂ ಇಲ್ಲ. ನನ್ನ ಮುಖ ನೋಡಿದರು. ನಾನು, ನಮ್ಮಕ್ಕ ಪಾಕ ತಳ ಹಿಡಿಯುವ ಮುಂಚೆಯೇ ಹೇಳುವವಳು, ದಯವಿಟ್ಟು ಕೇಳಿ ಎಂದೆ. ಅವರು ಮನೆಗೆ ಕಳಿಸಲಿಲ್ಲ, ಡ್ರಿಪ್ ಹಾಕಿಸಿದರು. ರಕ್ತದ ವರದಿ ಬರಲು ನಾಲ್ಕು ಗಂಟೆ ಹಿಡಿಯಿತು. ವಿಷ ಏರತೊಡಗಿತ್ತು. ನೀನು ಬೆಂಚಿನ ಮೇಲೆ ನಿದ್ದೆ ಹೋಗಿದ್ದೆ. ಡಾಕ್ಟರಮ್ಮ ನಿನ್ನ ಕಡೆ ನೋಡಿ, "ಇವರನ್ನ ಇಲ್ಲೇ ಇಟ್ಕೊಳ್ಳೋ ಹಾಗಿದ್ರೆ ಚೆನ್ನಾಗಿತ್ತು" ಅಂದರು. ಈ ಸಲ ಏನೂ ಅಳಿಸಿಹೋಗಲಿಲ್ಲ. ಮೊನ್ನೆ ಚಮಚವನ್ನು ಹಿಡಿದಳು, ಹಿಡಿದು ಇವರ ಮೂಗಿಗೆ ಹೊಡೆದಳು.

ಹಿಂದಿನ ಕೋಣೆಯ ವಿಷಯವನ್ನು ಡಾಕ್ಟರಮ್ಮನಿಗೆ ಪೂರ್ತಿ ಹೇಳಲಿಲ್ಲ. ಹೇಳಿದರೆ ನಮ್ಮಿಬ್ಬರಿಗೂ ಬೇರೆ ವಾರ್ಡು ತೋರಿಸುತ್ತಾರೆ. ಆದರೆ ಇನ್ನು ಮುಂದೆ ವಾಸನೆ ಬಂದರೆ ಕಾಗದ ಬರೆಯುತ್ತ ಕೂರಬೇಡ. ಸೈಕಲ್ ರಿಪೇರಿಯವನ ಕೈಯಲ್ಲಿ ತಕ್ಷಣ ಫೋನ್ ಮಾಡಿಸು. ನಂಬರನ್ನು ಅವನ ಗೋಡೆಯ ಮೇಲೆ ದೊಡ್ಡದಾಗಿ ಬರೆಸು. ಇವರಿಗೂ ನನ್ನ ಆರು ತಿಂಗಳ ಕಥೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ನಾನೂ ಮೂಸಿ ಖುಷಿಪಡುತ್ತಿದ್ದೆ ಎಂದು ಅತ್ತರು.

ಕಂಪನಿಯ ಕಾಗದ ನಿನ್ನೆ ಬಂತು. ನಿನ್ನ ಹೇಳಿಕೆಯನ್ನು ಒಪ್ಪಿದ್ದಾರೆ. ನಾನು ಮುಚ್ಚಿಟ್ಟಿಲ್ಲ ಎಂದು ಬರೆದಿದ್ದಾರೆ. ಹಾಲಿನ ಪುಡಿಯನ್ನು ಚಿಕಿತ್ಸೆ ಎಂದು ಪರಿಗಣಿಸುತ್ತಾರಂತೆ, ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುತ್ತಾರಂತೆ. ಪರಿಶೀಲಿಸಲಿ, ಇನ್ನು ನಮಗೆ ಮುಚ್ಚಿಡಲು ಏನೂ ಇಲ್ಲ. ಇಷ್ಟು ದಿನ ಡಾಕ್ಟರಮ್ಮ ವಾರ್ಡಿನಿಂದ ಕೊಡಿಸಿದ ಡಬ್ಬಿಯಲ್ಲೇ ತಳ್ಳಿದೆವು, ಇವತ್ತು ಹೊಸ ಡಬ್ಬಿಗಳು ಬಂದವು.

ಜೊತೆಗೆ ಹೊಸ ನಕ್ಷೆ ಕಳಿಸಿದ್ದಾರೆ. ನಮ್ಮಿಬ್ಬರ ನಡುವೆ ಎರಡು ಕಪ್ಪು ಚೌಕ. ಪಕ್ಕದಲ್ಲಿ ದೊಡ್ಡ ಪಾಪು, ಚಿಕ್ಕ ಪಾಪು ಎಂದು ನಾನೇ ಬರೆದೆ. ಅದರ ಕೆಳಗೆ ಒಂದು ಪ್ರಶ್ನೆ ಇತ್ತು: ಈ ಕುಟುಂಬದಲ್ಲಿ ಕಾಯಿಲೆಯ ಲಕ್ಷಣವನ್ನು ಮೊದಲು ಗುರುತಿಸಿದವರು ಯಾರು, ಯಾವಾಗ? ಇವರು ಡಾಕ್ಟರಮ್ಮನ ಹೆಸರು ಬರೆ ಎಂದರು. ನಾನು ಬರೆಯಲಿಲ್ಲ. ನಾನು ಬರೆದದ್ದು ಹೀಗಿದೆ:

ಮಗುವಿನ ದೊಡ್ಡಮ್ಮ. ತನ್ನ ಒಂಬತ್ತನೇ ವಯಸ್ಸಿನಲ್ಲಿ.

ನಿನ್ನ ತಂಗಿ